ನಮ್ಮ ಸಂಘದ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ ಅನ್ನೋರಿಗೆ



ಪೋಸ್ಟ್ ಉದ್ದ ಇದೆ. ಬೈಬೇಕು ಅನ್ನಿಸಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಸಂಘಟನೆಯ ಮೀಟಿಂಗುಗಳಲ್ಲಿ ಕಂಪ್ಯೂಟರಿನ ವಿಚಾರ ಎತ್ತಿದಾಗೆಲ್ಲ ಮೂರು ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು: "ನಮ್ಮ ಹತ್ರ ಕದಿಯೋಕೆ ಏನಿದೆ?" ಎರಡು: "ಅದೆಲ್ಲ ಐಟಿಯವರ ತಲೆನೋವು, ನಾವು ಬೀದಿ ಹೋರಾಟದವರು." ಮೂರು: "ಸರ್ಕಾರ ಮನಸ್ಸು ಮಾಡಿದ್ರೆ ಯಾರ ಫೋನಿಗೆ ಬೇಕಾದ್ರೂ ನುಗ್ಗುತ್ತೆ, ಪಾಸ್‌ವರ್ಡ್ ಹಾಕಿ ಏನು ಪ್ರಯೋಜನ?" ಮೂರೂ ತಪ್ಪು. ಮೂರಕ್ಕೂ ಉತ್ತರ ಕೊಡ್ತೀನಿ.

ಏನಿದೆ ಅಂತ ಕೇಳಿದ್ರಲ್ಲ, ಮೊದಲು ಅದನ್ನೇ ನೋಡೋಣ. ಶಿವಾಜಿನಗರದಿಂದ ಕೆ.ಆರ್.ಪುರದವರೆಗೆ ನಮ್ಮ ಯಾವ ಸಂಘದ ಆಫೀಸಿಗೆ ಬೇಕಾದ್ರೂ ಹೋಗಿ. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇರುತ್ತೆ. ಅದರೊಳಗೆ ಅಟ್ರಾಸಿಟಿ ಕೇಸಿನ ಎಫ್‌ಐಆರ್ ಪ್ರತಿಗಳು, ಗಾಯದ ಫೋಟೋಗಳು, ಪಿಟಿಸಿಎಲ್ ಜಮೀನಿನ ದಾಖಲೆಗಳು, ಆರ್‌ಟಿಐನಲ್ಲಿ ತಿಂಗಳುಗಟ್ಟಲೆ ಅಲೆದು ತಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಲೆಕ್ಕ, ಪೌರಕಾರ್ಮಿಕರ ಪಿಎಫ್ ಪಟ್ಟಿ, ನೂರಾರು ಮನೆಯವರ ಆಧಾರ್ ಮತ್ತು ಜಾತಿ ಪ್ರಮಾಣಪತ್ರ. ಜೊತೆಗೆ ನಮ್ಮನ್ನು ನಂಬಿ ಬಾಯಿಬಿಟ್ಟ ಹೆಣ್ಣುಮಕ್ಕಳ ಹೇಳಿಕೆಗಳು. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಹೆಸರು ಹೊರಗೆ ಬಿಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಆ ಕಡತ ಇರೋ ಕಂಪ್ಯೂಟರಿಗೆ ಪಾಸ್‌ವರ್ಡ್ ಕೂಡ ಇಲ್ಲ ಅಂದ್ರೆ "ಕದಿಯೋಕೆ ಏನಿದೆ" ಅನ್ನೋ ಮಾತು ನಮ್ಮ ಬಾಯಲ್ಲಿ ಬರಬಾರದು. ಅದರಲ್ಲಿರೋದು ನಮ್ಮದಲ್ಲ, ನಮ್ಮ ಕೈಗೆ ಒಪ್ಪಿಸಿದ್ದು.

ನಾನು ಹಗಲು ಹೊತ್ತು ಗುಮಾಸ್ತ. ಫೈಲು ಅಂದ್ರೆ ಏನು, ಫೈಲು ಕಳೆದ್ರೆ ಯಾರಿಗೆ ಲಾಭ ಅಂತ ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಬಡವನಿಗೆ ಇಲ್ಲ ಅಂತ ನೇರವಾಗಿ ಯಾವ ಆಫೀಸೂ ಹೇಳಲ್ಲ. "ಫೈಲು ಸಿಗ್ತಿಲ್ಲ, ಮುಂದಿನ ವಾರ ಬಾ" ಅಂತಾರೆ. ಅಷ್ಟರಲ್ಲೇ ಅವನ ಜಮೀನು ಹೋಗಿರುತ್ತೆ. ಅವರ ಕಡೆಯ ಫೈಲು ಕಾಣೆಯಾದಾಗ ನಮಗೆ ಉಳಿಯೋದು ನಮ್ಮ ಪ್ರತಿ ಒಂದೇ. ಅದೂ ಹೋದ್ರೆ?

ನಮ್ಮ ಕೇಸುಗಳು ಎಷ್ಟು ವರ್ಷ ನಡೀತವೆ ಅಂತ ಲೆಕ್ಕ ಹಾಕಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಕೆಳಗಿನ ಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆ ಆದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಮನುಷ್ಯ ಸಾಕ್ಷಿಯನ್ನು ಹೆದರಿಸಬಹುದು, ಕೊಳ್ಳಬಹುದು. ಅದಕ್ಕೇ ಮೊದಲ ದಿನದ ಫೋಟೋಗೆ, ವಿಡಿಯೋಗೆ ಅಷ್ಟು ಬೆಲೆ. ಹತ್ತು ವರ್ಷ ನಡೆಯೋ ಕೇಸಿನ ಸಾಕ್ಷಿಯನ್ನು ಯಾವತ್ತು ಬೇಕಾದ್ರೂ ಕೈಕೊಡೋ ಒಂದೇ ಹಾರ್ಡ್‌ಡಿಸ್ಕ್ ಮೇಲೆ ಬಿಟ್ಟು ಕೂತಿದೀವಿ.

ಇನ್ನು ಕದಿಯೋದಕ್ಕಿಂತ ಭಯಂಕರವಾದ ಒಂದು ವಿಷಯ ಇದೆ. ನಮ್ಮ ಕಂಪ್ಯೂಟರಿಂದ ತಗೊಂಡು ಹೋಗೋದಲ್ಲ, ನಮ್ಮ ಕಂಪ್ಯೂಟರಲ್ಲಿ ತಂದು ಇಡೋದು.

ಭೀಮಾ ಕೋರೆಗಾಂವ್ ಕೇಸು ನಿಮಗೆಲ್ಲ ಗೊತ್ತು. ಆರೋಪಿಗಳ ಪರ ವಕೀಲರು ಕೇಳಿಕೊಂಡ ಮೇಲೆ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಫೊರೆನ್ಸಿಕ್ ಸಂಸ್ಥೆ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ಪ್ರತಿಯನ್ನು ಪರೀಕ್ಷೆ ಮಾಡ್ತು. 2021ರ ಫೆಬ್ರವರಿಯಲ್ಲಿ ಬಂದ ವರದಿ ಹೇಳೋದು ಇಷ್ಟು: 2016ರ ಜೂನ್ 13ರಂದು ವರವರ ರಾವ್ ಅವರ ಇಮೇಲ್ ಖಾತೆಯಿಂದ, ಬೇರೆ ಯಾರೋ ಅದನ್ನು ಬಳಸಿ, ಒಂದು ಫೈಲು ಕಳಿಸಿ ತೆಗೆದು ನೋಡಿ ಅಂದರು. ತೆಗೆದ ಕೂಡಲೇ ನೆಟ್‌ವೈರ್ ಅನ್ನೋ ಕಳ್ಳ ಸಾಫ್ಟ್‌ವೇರ್ ಒಳಗೆ ಸೇರಿತು. 22 ತಿಂಗಳು ಆ ಕಂಪ್ಯೂಟರ್ ಬೇರೆಯವರ ಕೈಯಲ್ಲಿತ್ತು. ಕಣ್ಣಿಗೆ ಕಾಣದ ಒಂದು ಫೋಲ್ಡರ್ ಮಾಡಿ ಅದರಲ್ಲಿ ಪತ್ರಗಳನ್ನು ತಂದು ಇಟ್ಟರು. ವಿಲ್ಸನ್ ಆ ಪತ್ರಗಳನ್ನು ಒಂದು ಸಲವೂ ತೆಗೆದ ಗುರುತಿಲ್ಲ. ಅವರ ಲ್ಯಾಪ್‌ಟಾಪಲ್ಲಿ ಇದ್ದದ್ದು ವರ್ಡ್ 2007, ಪತ್ರಗಳು ತಯಾರಾದದ್ದು ಅದಕ್ಕಿಂತ ಹೊಸ ವರ್ಡ್‌ನಲ್ಲಿ. ನಾಗಪುರದ ನಮ್ಮ ದಲಿತ ವಕೀಲ ಸುರೇಂದ್ರ ಗಾಡ್ಲಿಂಗ್ ಅವರ ಕಂಪ್ಯೂಟರಿಗೂ 20 ತಿಂಗಳು ಇದೇ ಗತಿ ಅಂತ ಅದೇ ಸಂಸ್ಥೆಯ ಇನ್ನೊಂದು ವರದಿ.

ಫಾದರ್ ಸ್ಟ್ಯಾನ್ ಸ್ವಾಮಿ ನಮಗೆ ದೂರದವರಲ್ಲ. ಶಿವಾಜಿನಗರದ ಪಕ್ಕದ ಬೆನ್ಸನ್ ಟೌನಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿಗೆ 1970, 80ರ ದಶಕದಲ್ಲಿ ನಿರ್ದೇಶಕರಾಗಿದ್ದವರು. 84ನೇ ವಯಸ್ಸಿನಲ್ಲಿ, 2021ರ ಜುಲೈ 5ರಂದು, ಜಾಮೀನು ಸಿಗದೆ ಕಸ್ಟಡಿಯಲ್ಲಿದ್ದಾಗಲೇ ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. 2022ರ ಡಿಸೆಂಬರಿನ ಆರ್ಸೆನಲ್ ವರದಿ ಪ್ರಕಾರ ಅವರ ಕಂಪ್ಯೂಟರಿಗೆ 2014ರಿಂದಲೇ ಕಳ್ಳರು ನುಗ್ಗಿದ್ದರು, 40ಕ್ಕೂ ಹೆಚ್ಚು ಫೈಲುಗಳನ್ನು ತಂದು ಇಟ್ಟಿದ್ದರು. 2019ರ ಜೂನ್ 12ರಂದು ಪೊಲೀಸರು ಕಂಪ್ಯೂಟರ್ ಜಪ್ತಿ ಮಾಡಿದರು. ಹಿಂದಿನ ದಿನ, ಜೂನ್ 11ರಂದು, ಒಳಗೆ ನುಗ್ಗಿದ್ದವರು ತಮ್ಮ ಹೆಜ್ಜೆ ಗುರುತು ಅಳಿಸೋ ಕೆಲಸ ಮಾಡಿದ್ದಾರೆ. ನಾಳೆ ಜಪ್ತಿ ಅಂತ ಅವರಿಗೆ ಹೇಳಿದವರು ಯಾರು? ಎನ್‌ಐಎ ಈ ವರದಿಗಳನ್ನು ಒಪ್ಪಲ್ಲ. ಒಪ್ಪದೇ ಇರಲಿ, ಈ ಪ್ರಶ್ನೆಗೆ ಉತ್ತರ ಕೊಡಲಿ.

ಈಗ ಹೇಳಿ, "ಮುಚ್ಚಿಡೋಕೆ ನಮ್ಮಲ್ಲಿ ಏನೂ ಇಲ್ಲ" ಅನ್ನೋದು ರಕ್ಷಣೆನಾ? ಏನೂ ಇಲ್ಲದವನ ಮನೆಯಲ್ಲೇ ಏನಾದ್ರೂ ತಂದಿಡೋದು ಸುಲಭ.

ಹಾಗಾದ್ರೆ ಸರ್ಕಾರಗಳನ್ನು ತಡೆಯೋಕಾಗಲ್ಲ ಅನ್ನೋ ಮೂರನೇ ಮಾತು? ಪೆಗಾಸಸ್ ಬಂದ್ರೆ ನಮ್ಮಂಥವರು ಏನೂ ಮಾಡೋಕಾಗಲ್ಲ, ನಿಜ. 2019ರಲ್ಲಿ ಡಿಸಿಎಂ ಆಗಿದ್ದ ಜಿ. ಪರಮೇಶ್ವರ ಅವರ ನಂಬರೇ ಸೋರಿಕೆಯಾದ ಪಟ್ಟಿಯಲ್ಲಿತ್ತು ಅಂತ 2021ರ ಜುಲೈನಲ್ಲಿ ದಿ ವೈರ್ ವರದಿ ಮಾಡಿತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿನೊಳಗೆ ನುಗ್ಗಿದ್ದರು ಅಂತ ಸಾಬೀತಾಗಲ್ಲ. ಆದರೆ ಡಿಸಿಎಂ ಆದ ದಲಿತ ನಾಯಕನ ಮೇಲೂ ಕಣ್ಣಿತ್ತು ಅನ್ನೋ ಅನುಮಾನಕ್ಕೆ ಇಷ್ಟು ಸಾಕು. ಆದರೂ ನೋಡಿ, ವಿಲ್ಸನ್, ಗಾಡ್ಲಿಂಗ್ ಅವರ ಕಂಪ್ಯೂಟರುಗಳಿಗೆ ನುಗ್ಗೋಕೆ ಬಳಸಿದ್ದು ಪೆಗಾಸಸ್ ಅಲ್ಲ. ದುಡ್ಡು ಕೊಟ್ಟರೆ ಯಾರಿಗೆ ಬೇಕಾದ್ರೂ ಸಿಗ್ತಿದ್ದ ನೆಟ್‌ವೈರ್. ಅದನ್ನು ಮಾರ್ತಿದ್ದ ವೆಬ್‌ಸೈಟನ್ನು 2023ರ ಮಾರ್ಚ್‌ನಲ್ಲಿ ಅಮೆರಿಕದ ಪೊಲೀಸರು ಮುಚ್ಚಿಸಿದರು. 2019ರಲ್ಲಿ ನಮ್ಮ ದೇಶದ 9 ಜನ ಹೋರಾಟಗಾರರಿಗೆ ಇದೇ ನೆಟ್‌ವೈರ್ ಕಳಿಸಿದ್ದನ್ನು ಆಮ್ನೆಸ್ಟಿ ಮತ್ತು ಸಿಟಿಜನ್ ಲ್ಯಾಬ್ ಬಯಲು ಮಾಡಿದ್ದವು. ಅದರಲ್ಲಿ ಕೋರ್ಟ್ ಸಮನ್ಸ್ ಅಂತ ಹೇಳಿಕೊಂಡು ಬಂದ ಇಮೇಲ್ ಕೂಡ ಇತ್ತು. ಗೆಳೆಯರ ಹೆಸರಲ್ಲಿ, ಕೋರ್ಟಿನ ಹೆಸರಲ್ಲಿ ಬಂದ ಪತ್ರ ಯಾರು ತಾನೇ ತೆಗೆಯಲ್ಲ? ತೆಗೆದವರದು ತಪ್ಪಲ್ಲ, ಕಳಿಸಿದವರದು ಅಪರಾಧ. ಆದರೆ ಇಂಥ ಕಳ್ಳನಿಗೆ ಬಾಗಿಲು ಹಾಕಬಹುದು. ಹುಲಿ ಬಂದ್ರೆ ತಡೆಯೋಕಾಗಲ್ಲ ಅಂತ ಯಾರೂ ಮನೆ ಬಾಗಿಲು ತೆಗೆದು ಮಲಗಲ್ಲ.

ಅದೂ ಅಲ್ಲದೆ, ನಮ್ಮ ಮಾಹಿತಿ ಹೆಚ್ಚು ಹಾಳಾಗಿರೋದು ಪೊಲೀಸರಿಂದಲೂ ಅಲ್ಲ. ಪೆನ್‌ಡ್ರೈವ್ ವೈರಸ್ಸಿಂದ, ಕರೆಂಟ್ ಹೋಗಿ ಬಂದು ಸುಟ್ಟ ಡಿಸ್ಕಿಂದ. ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೆ ಪ್ರಿಂಟಿಗೆ ಅಂತ ಕಳಿಸಿ ಅಲ್ಲೇ ಬಿಟ್ಟುಬಂದ ಸಂತ್ರಸ್ತೆಯ ಹೇಳಿಕೆಯಿಂದ. ಡಿಲೀಟ್ ಮಾಡಿದೀನಿ ಅಂತ ಗುಜರಿಗೆ ಹಾಕಿದ ಹಳೇ ಕಂಪ್ಯೂಟರಿಂದ. ಡಿಲೀಟ್ ಮಾಡಿದ ಫೈಲನ್ನು ವಾಪಸ್ ತೆಗೆಯೋದು ಗೊತ್ತಿರೋರಿಗೆ ದೊಡ್ಡ ಕೆಲಸ ಅಲ್ಲ, ನೆನಪಿರಲಿ.

ಬಾಬಾಸಾಹೇಬರ ಬದುಕಲ್ಲೇ ಇದಕ್ಕೆ ಪಾಠ ಇದೆ. 1917ರಲ್ಲಿ ಲಂಡನ್ನಿಂದ ವಾಪಸ್ ಬರುವಾಗ ಅವರ ಪುಸ್ತಕಗಳನ್ನು ಬೇರೆ ಹಡಗಿನಲ್ಲಿ ಕಳಿಸಿದ್ದರು. ಜರ್ಮನ್ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲು. ಅವರು ತೀರಿಕೊಂಡ ಮೇಲೆ ದೆಹಲಿಯ ಅಲಿಪುರ ರಸ್ತೆಯ ಮನೆಯಲ್ಲಿದ್ದ ಅವರ ಕಾಗದಪತ್ರಗಳಲ್ಲಿ ಒಂದಷ್ಟನ್ನು 1967ರಲ್ಲಿ ಅಂಗಳಕ್ಕೆ ಎಸೆದರು, ಮಳೆಗೆ ನೆನೆದು ಹಾಳಾದವು. ಉಳಿದ ಹಸ್ತಪ್ರತಿಗಳನ್ನು ವಸಂತ ಮೂನ್ ಅಂಥವರು ಕಾಪಾಡಿ, ಜೋಡಿಸಿ, 1979ರಿಂದ ಸಂಪುಟಗಳಾಗಿ ತಂದದ್ದರಿಂದ ನಾವು ಇವತ್ತು ಓದ್ತಾ ಇದೀವಿ. ಹಾಳಾದ ಆ ಹಾಳೆಗಳಲ್ಲಿ ಏನಿತ್ತು ಅಂತ ಇನ್ನು ಯಾರೂ ಹೇಳೋಕಾಗಲ್ಲ. ಎರಡನೇ ಪ್ರತಿ ಇರಲಿಲ್ಲ.

ನಮಗೆ ಎರಡನೇ ಪ್ರತಿ ಮಾಡೋಕೆ ಐದಾರು ಸಾವಿರ ಸಾಕು. ಏನು ಮಾಡಬೇಕು ಅಂತ ನೇರವಾಗಿ ಬರೀತೀನಿ:

1. ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಏರಿಯಾದ ಸಂಗಾತಿಯ ಮನೆಯಲ್ಲಿ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರ್ಕೆಟ್ಟಿಗೆ ಬೆಂಕಿ ಬಿದ್ದದ್ದು ನೋಡಿದೀರಲ್ಲ, ಒಂದೇ ಬೀರುವಿನಲ್ಲಿಟ್ಟ ಮೂರು ಪ್ರತಿ ಒಂದೇ ಪ್ರತಿ ಇದ್ದ ಹಾಗೆ. ಕಾಪಿ ಆದ ತಕ್ಷಣ ಡಿಸ್ಕ್ ಕಿತ್ತಿಡಿ. ಫೈಲಿಗೆ ಬೀಗ ಜಡಿದು ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದ್ರೆ ಚುಚ್ಚಿರೋ ಡಿಸ್ಕನ್ನೂ ಬಿಡಲ್ಲ. ಮೂರು ತಿಂಗಳಿಗೊಮ್ಮೆ ತೆಗೆದು ಫೈಲು ಓಪನ್ ಆಗುತ್ತಾ ನೋಡಿ.

2. ಅಪ್‌ಡೇಟ್ ಬಂದ್ರೆ "ಆಮೇಲೆ" ಅನ್ನಬೇಡಿ. 2017ರ ಮೇನಲ್ಲಿ ವನ್ನಾಕ್ರೈ ಸುಮಾರು 150 ದೇಶಗಳನ್ನು ಹಿಡಿದಾಗ, ಅದನ್ನು ತಡೆಯೋ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಹೊಸ ಕಂಪ್ಯೂಟರಿಗೆ ದುಡ್ಡಿಲ್ಲ ಅಂದ್ರೆ ಉಬುಂಟು ಹಾಕಿಸಿ, ಬಿಟ್ಟಿ ಸಿಗುತ್ತೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಅದರ ಜೊತೆ ಏನು ಬರುತ್ತೆ ಅಂತ ಹಾಕಿಕೊಟ್ಟವನಿಗೂ ಗೊತ್ತಿರಲ್ಲ.

3. ಇಮೇಲಲ್ಲಿ, ವಾಟ್ಸಾಪಲ್ಲಿ ಬಂದ ಫೈಲು ಪಿಡಿಎಫ್ ತರ ಕಂಡ್ರೂ ಹೆಸರಿನ ಕೊನೆ ನೋಡಿ. ಎಕ್ಸ್ಇ ಅಥವಾ ಎಪಿಕೆ ಅಂತ ಇದ್ರೆ ಮುಟ್ಟಬೇಡಿ. ಅನುಮಾನ ಬಂದ್ರೆ ಕಳಿಸಿದವರಿಗೆ ಫೋನ್ ಮಾಡಿ ಕೇಳಿ, ನಾಚಿಕೆ ಬೇಡ.

4. ಜೈಭೀಮ್123, ಅಂಬೇಡ್ಕರ್1891 ಇಂಥ ಪಾಸ್‌ವರ್ಡುಗಳು ನಮ್ಮ ವಿರೋಧಿಗಳಿಗೂ ಬಾಯಿಪಾಠ. ಉದ್ದದ್ದು ಇಡಿ, ಒಂದೊಂದು ಕಡೆ ಒಂದೊಂದು. ಇಮೇಲಿಗೂ ವಾಟ್ಸಾಪಿಗೂ ಎರಡು ಹಂತದ ಬೀಗ ಹಾಕಿ. ಸಂತ್ರಸ್ತರ ಫೋಲ್ಡರಿಗೆ ವೆರಾಕ್ರಿಪ್ಟ್ ಬೀಗ ಹಾಕಿ, ಅದೂ ಬಿಟ್ಟಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಇಪ್ಪತ್ತು ಜನಕ್ಕಲ್ಲ.

5. ದೌರ್ಜನ್ಯದ ವಿಡಿಯೋ ತೆಗೆದ ಫೋನಿನಲ್ಲೇ ಮೂಲ ಪ್ರತಿ ಇರಲಿ. ವಾಟ್ಸಾಪಲ್ಲಿ ಓಡಾಡಿದ ವಿಡಿಯೋ ಕುಗ್ಗಿರುತ್ತೆ, ತೆಗೆದ ದಿನಾಂಕದ ಗುರುತು ಹೋಗಿರುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ವ್ಯಾಲ್ಯೂ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟು ಗುರುತು. ಒಳಗೆ ಒಂದಕ್ಷರ ಬದಲಾದ್ರೂ ಗುರುತು ಬದಲಾಗುತ್ತೆ. ಪೊಲೀಸರು ನಮ್ಮ ಕಂಪ್ಯೂಟರ್ ಜಪ್ತಿ ಮಾಡಿದ್ರೆ ಪಂಚನಾಮೆಯಲ್ಲಿ ಇದನ್ನು ಬರೆಸಿ ಅಂತ ವಕೀಲರ ಮೂಲಕ ಪಟ್ಟು ಹಿಡಿಯಿರಿ. ಆಮೇಲೆ ಒಳಗೆ ಏನಾದ್ರೂ ಸೇರಿಸಿದ್ರೆ ಹಿಡಿಯೋಕೆ ಅದೊಂದೇ ದಾರಿ.

6. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ ಕರಪತ್ರ, ವರದಿಗಳನ್ನು ಯೂನಿಕೋಡಿಗೆ ಬದಲಾಯಿಸಿ. ಇಪ್ಪತ್ತು ವರ್ಷದ ಚಳವಳಿಯ ಬರವಣಿಗೆ ಇವತ್ತು ಹೊಸ ಕಂಪ್ಯೂಟರಲ್ಲಿ ತೆಗೆದ್ರೆ ಗೀಚಿದ ಹಾಗೆ ಕಾಣುತ್ತೆ. ಕಳ್ಳನೂ ಬರಲಿಲ್ಲ, ಬೆಂಕಿಯೂ ಬೀಳಲಿಲ್ಲ, ಆದರೂ ಕಳ್ಕೊಂಡ್ವಿ.

7. ಹಣ ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೆನ್ ಠಾಣೆಯಲ್ಲಿ ದೂರು ಕೊಡಿ.

ಇನ್ನು "ಐಟಿಯವರ ತಲೆನೋವು" ಅನ್ನೋ ಎರಡನೇ ಮಾತು. ನನಗೆ ಹೆಚ್ಚು ಸಿಟ್ಟು ಬರೋದು ಇದಕ್ಕೇ. ಅಕ್ಷರ ಅವರದು, ದುಡಿಮೆ ನಮ್ಮದು ಅಂತ ಸಾವಿರಾರು ವರ್ಷ ಹೇಳಿದ್ದೂ ಇದೇ ಮಾತೇ ಅಲ್ವಾ? ಈಗ ಅದನ್ನು ನಾವೇ ನಮ್ಮ ಬಾಯಲ್ಲಿ ಹೇಳ್ತೀವಿ. ಬನ್ನೇರುಘಟ್ಟ ರಸ್ತೆ ಕಡೆಯ ಸ್ಲಮ್ಮಿನಲ್ಲಿ ಅಂಬೇಡ್ಕರ್ ಹೆಸರಲ್ಲೇ ಕಂಪ್ಯೂಟರ್ ಕೇಂದ್ರ ಮಾಡಿ, ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಮಕ್ಕಳು ಕಲಿತರು. ನಮ್ಮ ಕೇರಿಗಳಲ್ಲಿ ಬಿಸಿಎ, ಡಿಪ್ಲೊಮಾ ಮಾಡಿದ ಹುಡುಗಿಯರು ಎಷ್ಟು ಜನ ಇಲ್ಲ? ಅವರನ್ನು ಕರೆದು ಏನು ಮಾಡಿಸ್ತೀವಿ? "ಏನಮ್ಮಾ, ಈ ಮನವಿ ಸ್ವಲ್ಪ ಟೈಪ್ ಮಾಡ್ಕೊಡು." ಬೀಗದ ಕೈ ಅವರಿಗೆ ಕೊಡಿ. ಸಮಿತಿಯಲ್ಲಿ ಕುರ್ಚಿ ಕೊಡಿ. ಅಧ್ಯಕ್ಷರ ಮಗನಿಗೆ ಫೇಸ್‌ಬುಕ್ ಪಾಸ್‌ವರ್ಡ್ ಕೊಟ್ಟು ಡಿಜಿಟಲ್ ವಿಭಾಗ ಅಂತ ಹೆಸರಿಡೋದು ನಿಲ್ಲಿಸಿ.

ದುಡ್ಡಿಲ್ಲ ಅನ್ನಬೇಡಿ ಅಣ್ಣ. ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ ಎಷ್ಟು, ಡಿಜೆಗೆ ಎಷ್ಟು, ಶಾಲು-ಪೇಟಕ್ಕೆ ಎಷ್ಟು ಅಂತ ಖಜಾಂಚಿಗಳಿಗೆ ಗೊತ್ತು. ಜಯಂತಿ ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ನಾನೂ ಮೆರವಣಿಗೆಯಲ್ಲಿ ಇರ್ತೀನಿ. ಎರಡು ಫ್ಲೆಕ್ಸ್ ಕಡಿಮೆ ಮಾಡಿ, ಒಂದು ಹಾರ್ಡ್‌ಡಿಸ್ಕ್ ತನ್ನಿ. ನಮ್ಮ ಫೋಟೋ ಇರೋ ಫ್ಲೆಕ್ಸ್ ಮೂರು ದಿನಕ್ಕೆ ಪಾಲಿಕೆಯವರು ಕಿತ್ತಾಕ್ತಾರೆ. ಆ ಡಿಸ್ಕಿನಲ್ಲಿರೋ ಒಂದು ಫೋಟೋ ಹತ್ತು ವರ್ಷ ಆದ ಮೇಲೆ ಯಾವುದೋ ತಾಯಿಯ ಪರವಾಗಿ ಕೋರ್ಟಿನಲ್ಲಿ ಮಾತಾಡುತ್ತೆ.

ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಮೊದಲನೇ ವಿಷಯ ಇದೇ ಇರಲಿ: ನಮ್ಮ ಎರಡನೇ ಪ್ರತಿ ಎಲ್ಲಿದೆ, ಬೀಗದ ಕೈ ಯಾರ ಹತ್ರ ಇದೆ. ಉತ್ತರ ಬರೋವರೆಗೂ ಎರಡನೇ ವಿಷಯಕ್ಕೆ ಹೋಗಬೇಡಿ.

ಶೇರ್ ಮಾಡಿ, ಕಾಪಿ ಮಾಡಿ ನಿಮ್ಮ ಗ್ರೂಪುಗಳಿಗೆ ಹಾಕಿ, ನನ್ನ ಹೆಸರು ಬೇಕಿಲ್ಲ.

ಜೈ ಭೀಮ್.