ಹೊರದೇಶದ ಓದು: ಹೊಲ ಮಾರುವ ಮುನ್ನ ಗಡುವು ಎಣಿಸಿ



ಮಗನನ್ನೋ ಮಗಳನ್ನೋ ಎಂ.ಎಸ್. ಓದಲು ಹೊರದೇಶಕ್ಕೆ ಕಳಿಸುವ ರೈತ ಕುಟುಂಬಗಳು ಈಗ ಅಪರೂಪವಲ್ಲ. ಇದು ಹೆಮ್ಮೆಯ ಸಂಗತಿಯೇ. ಆದರೆ ಹೆಚ್ಚಿನವರು ಓದಿನ ಖರ್ಚನ್ನು ಲೆಕ್ಕ ಹಾಕುತ್ತಾರೆ, ಮುಂದೆ ಬರಲಿರುವ ಸಂಬಳವನ್ನೂ ಲೆಕ್ಕ ಹಾಕುತ್ತಾರೆ. ಇವೆರಡರ ನಡುವಿನ ಗಡುವನ್ನು ಮಾತ್ರ ಎಣಿಸುವುದಿಲ್ಲ. ಪದವಿ ಕೈಗೆ ಬಂದ ಮೇಲೆ ಕೆಲಸ ಹುಡುಕಲು ಎಷ್ಟು ದಿನ ಸಿಗುತ್ತದೆ? ಇದಕ್ಕೆ ಉತ್ತರ ತಿಳಿಯದೆ ಯಾರೂ ಒಂದು ಗುಂಟೆ ಜಮೀನನ್ನೂ ಮಾರಬಾರದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ನಿಯಮವನ್ನೇ ನೋಡಿ. ಪದವಿ ಮುಗಿಸಿದವರಿಗೆ ತಾವು ಓದಿದ ವಿಷಯದಲ್ಲೇ ಕೆಲಸ ಮಾಡಲು 12 ತಿಂಗಳ ಅನುಮತಿ ಸಿಗುತ್ತದೆ. ಇದಕ್ಕೆ ಓಪಿಟಿ ಎನ್ನುತ್ತಾರೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ಓದಿ ಕೆಲಸದಲ್ಲಿರುವವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಉಂಟು. ಆದರೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅಂದರೆ, ಹೆಚ್ಚುಕಡಿಮೆ ಅಲಸಂದೆ ಬಿತ್ತಿ ಕೊಯ್ಯುವಷ್ಟು ಕಾಲ.

ಅನಂತರ ನಿಲ್ಲಬೇಕಾದರೆ ಎಚ್-1ಬಿ ವೀಸಾ ಬೇಕು. ಅದಕ್ಕೆ ಅರ್ಜಿ ಹಾಕುವುದು ಕೆಲಸ ಕೊಟ್ಟ ಕಂಪನಿ, ವಿದ್ಯಾರ್ಥಿಯಲ್ಲ. ವರ್ಷಕ್ಕೆ 65,000 ವೀಸಾಗಳು, ಅಲ್ಲಿನ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಕೇಳುವವರು ಇದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಲಾಟರಿ ಎತ್ತುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಹೊರಟಿತು. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ಮರು ತಿಂಗಳು ಸ್ಪಷ್ಟನೆ ಬಂತು. ಈ ನಡುವೆ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತೋ!

ಬ್ರಿಟನ್ನಿನಲ್ಲಿ 2021ರಿಂದ ಪದವೀಧರರಿಗೆ 2 ವರ್ಷದ ಅವಕಾಶವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ಪದವೀಧರರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಆದರೆ ಜರ್ಮನ್ ಭಾಷೆ ಬಾರದವನಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ.

ಹಾಗಾದರೆ ಮಾಡಬೇಕಾದುದೇನು? ಮಳೆ ಬಿದ್ದ ಮೇಲೆ ನೇಗಿಲು ಹುಡುಕುವ ಒಕ್ಕಲಿಗ ಉದ್ಧಾರವಾಗುವುದಿಲ್ಲ. ಕೆಲಸದ ಹುಡುಕಾಟ ಪದವಿಯ ದಿನ ಅಲ್ಲ, ಹೋಗಿ ಇಳಿದ ವಾರವೇ ಶುರುವಾಗಬೇಕು. ಅಮೆರಿಕದ ಕಾಲೇಜುಗಳು ಆಗಸ್ಟಿನಲ್ಲಿ ತೆರೆಯುತ್ತವೆ. ಸೆಪ್ಟೆಂಬರಿನಲ್ಲೇ ಕಂಪನಿಗಳ ಉದ್ಯೋಗ ಮೇಳಗಳು ನಡೆಯುತ್ತವೆ. ಮೊದಲ ವರ್ಷ ಮುಗಿದ ಬೇಸಗೆಯಲ್ಲಿ ತರಬೇತಿ ಕೆಲಸಕ್ಕೆ ಸೇರಿದವರಿಗೆ ಅದೇ ಕಂಪನಿಯಲ್ಲಿ ಕಾಯಂ ಕೆಲಸ ಸಿಗುವ ಸಂಭವ ಹೆಚ್ಚು. ಆದುದರಿಂದ ಮೊದಲ ವರ್ಷ ಫೋನಿನಲ್ಲಿ “ದುಡ್ಡು ಯಾವಾಗ ಕಳಿಸುತ್ತೀಯ?” ಎಂದು ಕೇಳಬೇಡಿ. “ಬೇಸಗೆಯ ಕೆಲಸಕ್ಕೆ ಅರ್ಜಿ ಹಾಕಿದೆಯಾ?” ಎಂದು ಕೇಳಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಓದುವಾಗ ಅಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ದುಡಿಯಲು ಮಾತ್ರ ಸಾಮಾನ್ಯವಾಗಿ ಅನುಮತಿ. ಮನೆಯವರ ಒತ್ತಾಯಕ್ಕೆ ಕಟ್ಟುಬಿದ್ದು ಹೊರಗಿನ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಕದ್ದು ದುಡಿದರೆ ವೀಸಾವೇ ಹೋದೀತು. ಬಡ್ಡಿ ಕಟ್ಟಲು ಹೋಗಿ ಅಸಲನ್ನೇ ಕಳೆದುಕೊಂಡಂತೆ.

ಜಮೀನು ಮುಟ್ಟದೆ ಓದುವ ದಾರಿಯೂ ಇದೆ. ಅಮೆರಿಕದಲ್ಲಿ 1862ರ ಕಾಯಿದೆಯಿಂದ ಹುಟ್ಟಿದ ಕೃಷಿ ವಿಶ್ವವಿದ್ಯಾನಿಲಯಗಳಿವೆ. 1964ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಅದೇ ಮಾದರಿಯದು. ಮಣ್ಣು, ಬೀಜ, ಕೀಟ, ರೋಗಗಳ ಸಂಶೋಧನೆಯಲ್ಲಿ ಪ್ರಾಧ್ಯಾಪಕರಿಗೆ ಸಹಾಯಕರಾಗಿ ದುಡಿಯುವ ವಿದ್ಯಾರ್ಥಿಗಳಿಗೆ ಅಲ್ಲಿ ಸಾಮಾನ್ಯವಾಗಿ ಶುಲ್ಕ ಮಾಫಿ, ಮೇಲೆ ತಿಂಗಳ ಭತ್ಯೆ. ಬಿ.ಎಸ್ಸಿ. ಕೃಷಿ ಓದಿದ ಮಕ್ಕಳು ಅರ್ಜಿಗೂ ಮುನ್ನ ಅಂಥ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿಯವರ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಅವಕಾಶವಿದೆ. ಇದು ಕೂಲಿಗೆ ಹೋಗುವ ಪ್ರತಿ ಮನೆಗೂ ತಿಳಿಯಲಿ.

ಸಾಲವೇ ಗತಿ ಎಂದಾದರೆ ಮೊದಲು ಬ್ಯಾಂಕಿಗೆ ಹೋಗಿ. 2002ರ ಸಾಲ ವಸೂಲಾತಿ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಹಲವು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಹೊಲವನ್ನು ಜಾಮೀನಾಗಿ ಒಪ್ಪುವುದಿಲ್ಲ. ಆಗ ಅವಸರದಲ್ಲಿ ಅಗ್ಗಕ್ಕೆ ಮಾರುವುದು, ಇಲ್ಲವೇ ಮೀಟರ್ ಬಡ್ಡಿಗೆ ಬೀಳುವುದು ನಡೆಯುತ್ತದೆ. ಪಟ್ಟಣದ ಏಜೆಂಟರ ಮಾತನ್ನೇ ನಂಬಬೇಡಿ. ಸೀಟು ಕೊಡಿಸಿದರೆ ಕಾಲೇಜಿನಿಂದ ಅನೇಕರಿಗೆ ಕಮಿಷನ್ ಬರುತ್ತದೆ. ಕೆಲಸ ಸಿಗದಿದ್ದರೆ ಅವರಿಗೇನೂ ನಷ್ಟವಿಲ್ಲ.

ಕೊನೆಗೊಂದು ಮಾತು. ಕೆಲಸ ಸಿಗದೆ ಮಗು ಮರಳಿ ಬಂದರೆ ಅದು ಅಪಮಾನವಲ್ಲ. ಮಳೆ ಕೈಕೊಟ್ಟ ವರ್ಷ ನಾವು ರೈತನನ್ನು ಹಳಿಯುವುದಿಲ್ಲ. ಲಾಟರಿ ಕೈಕೊಟ್ಟಾಗ ಮಕ್ಕಳನ್ನು ಹಳಿಯುವುದೂ ತರವಲ್ಲ. ಆದರೆ ಅವರು ಮರಳಿ ಬಂದಾಗ ಕಾಲೂರಲು ನೆಲವಿರಬೇಕು. ಕಳಿಸಿ, ಧೈರ್ಯದಿಂದ ಕಳಿಸಿ. ಹೊಲ ಉಳಿಸಿಕೊಂಡು ಕಳಿಸಿ.