ನೋಡೋಕೆ ಚೆನ್ನಾಗಿದೆ, ಹಿಡಿದಿದೆಯಾ?

ಮನೆ ಕಟ್ಟಿಸುತ್ತಿರುವ ಗೆಳೆಯರೆಲ್ಲ ಒಂದಲ್ಲ ಒಂದು ದಿನ ನನಗೆ ಬಾಲ್ಕನಿ ರೇಲಿಂಗ್‌ನ ಫೋಟೋ ಕಳಿಸುತ್ತಾರೆ. ‘ವೆಲ್ಡಿಂಗ್ ಓಕೆನಾ, ಸ್ವಲ್ಪ ನೋಡು’ ಅಂತ ಜೊತೆಗೊಂದು ಮೆಸೇಜ್. ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡಿಂಗ್ ತಪಾಸಣೆ ನನ್ನ ಕೆಲಸ ಅನ್ನೋದು ಅವರಿಗೆ ಗೊತ್ತು. ಕಷ್ಟ ಏನಂದರೆ, ಬಹುತೇಕ ಫೋಟೋಗಳಲ್ಲಿ ಬೆಸುಗೆಯೇ ಕಾಣೋದಿಲ್ಲ. ಗ್ರೈಂಡ್ ಮಾಡಿ, ಪುಟ್ಟಿ ತುಂಬಿ, ಪೇಂಟ್ ಹೊಡೆದು ನುಣ್ಣಗೆ ಮಾಡಿರ್ತಾರೆ. ‘ಫಿನಿಶಿಂಗ್ ಸೂಪರ್ ಅಲ್ವಾ?’ ಅಂದರೆ ಏನು ಹೇಳೋದು!

ಈಗ ಗೇಟು, ಗ್ರಿಲ್ ಮಾಡುವ ಅಂಗಡಿಗಳಲ್ಲೂ ಹಳೇ ರಾಡ್ ವೆಲ್ಡಿಂಗ್ ಪಕ್ಕದಲ್ಲೇ ಮಿಗ್ ಮೆಷಿನ್ ಕಾಣಿಸುತ್ತೆ. ಶೆಡ್ಡಿನ ಭಾಷೆಯಲ್ಲಿ ಅದು ‘ಸಿಓಟು ವೆಲ್ಡಿಂಗ್’. ಗನ್ನಿನ ತುದಿಯಿಂದ ತಂತಿ ತಾನಾಗಿಯೇ ಬರುತ್ತಾ ಕರಗುತ್ತೆ. ಅದರ ಸುತ್ತ ಕಾರ್ಬನ್ ಡೈಆಕ್ಸೈಡೋ, ಆರ್ಗಾನ್ ಬೆರೆತ ಗ್ಯಾಸೋ ಹರಿದು, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತೆ. ಕಲಿಯೋದು ಸುಲಭ, ಕೆಲಸ ಬೇಗ. ಆದರೆ ಕೆಳಗಿನ ಕಬ್ಬಿಣ ಸರಿಯಾಗಿ ಕರಗದಿದ್ದರೂ ಮೇಲೆ ತಂತಿ ಕರಗಿ ಚೆಂದದ ಸಾಲು ಬಿದ್ದುಬಿಡುತ್ತೆ. ಮಿಗ್‌ನ ದೊಡ್ಡ ಮೋಸ ಇದೇ.

ಕಣ್ಣಿಗೆ ಕಾಣುವ ದೋಷಗಳಿಗೆ ನಾನು ಅಷ್ಟು ಹೆದರೋದಿಲ್ಲ. ತೂತುಗಳನ್ನೇ ತೆಗೆದುಕೊಳ್ಳಿ. ಬೆಸುಗೆಯ ಮೇಲೆ ಸೆಟ್ ದೋಸೆಯ ಕಣ್ಣುಗಳ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದರೆ ಅದು ಪೊರಾಸಿಟಿ. ‘ಮೇಡಂ, ಗ್ಯಾಸ್ ಜಾಸ್ತಿ ಕೊಟ್ಟೆ, ಆದ್ರೂ ತೂತು ನಿಲ್ತಿಲ್ಲ’ ಅಂತ ಹೊಸ ಹುಡುಗರು ಬಂದಾಗ ನಾನು ಮೊದಲು ನೋಡೋದು ಫ್ಯಾನ್ ಯಾವ ಕಡೆ ತಿರುಗಿದೆ ಅಂತ. ಏಪ್ರಿಲ್ ಸೆಕೆಗೆ ಪಕ್ಕದಲ್ಲೇ ಪೆಡಸ್ಟಲ್ ಫ್ಯಾನ್ ಇಟ್ಟುಕೊಂಡಿರ್ತಾರೆ. ಗ್ಯಾಸ್ ಎಲ್ಲ ಅದರ ಪಾಲು. ಉಕ್ಕಿನ ಕಟ್ಟಡಗಳಿಗೆ ಬಳಸುವ ಅಮೆರಿಕದ ಎಡಬ್ಲ್ಯೂಎಸ್ ಡಿ1.1 ಸಂಹಿತೆ ಈ ವಿಧಾನಕ್ಕೆ ಗಂಟೆಗೆ 8 ಕಿ.ಮೀ.ಗಿಂತ ಹೆಚ್ಚಿನ ಗಾಳಿ ಒಪ್ಪೋದಿಲ್ಲ. ಅದು ಬಟ್ಟೆ ಒಣಗುವಾಗ ಬೀಸುವ ಮೆಲುಗಾಳಿಯಷ್ಟೇ. ಹಾಗಾಗಿ ಮೂರನೇ ಮಹಡಿಯ ಬಾಲ್ಕನಿಗೆ ಮಿಗ್ ಮೆಷಿನ್ ಹೊತ್ತು ತರ್ತೀನಿ ಅನ್ನೋರನ್ನು ನಾನು ಒಪ್ಪಲ್ಲ. ಬಯಲಲ್ಲಿ ರಾಡ್ ವೆಲ್ಡಿಂಗೇ ವಾಸಿ.

ಇನ್ನು ಗ್ಯಾಸ್ ಹೆಚ್ಚಿಸೋದು. ಸಣ್ಣ ತಂತಿಗೆ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು. ತೀರಾ ಜಾಸ್ತಿಯಾದರೆ ಗ್ಯಾಸ್ ಸುಳಿ ಸುತ್ತಿ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತೆ. ಔಷಧಿ ಜಾಸ್ತಿಯಾಗಿ ರೋಗ ಹೆಚ್ಚಿದ ಹಾಗೆ. ಆಮೇಲೆ ನೋಡಬೇಕಾದ್ದು ನಾಝಲ್ ಒಳಗೆ ಸಿಡಿದು ಅಂಟಿದ ಚೂರುಗಳು, ಪೈಪಿನ ಮೇಲಿನ ತುಕ್ಕು, ಎಣ್ಣೆ, ಪೇಂಟು. ಜಿಐ ಪೈಪ್ ಆದರೆ ಸತುವಿನ ಲೇಪನವನ್ನು ಉಜ್ಜಿ ತೆಗೆಯದೆ ಕೂರಲೇಬಾರದು. ಅದು ಆವಿಯಾಗಿ ಬೆಸುಗೆಯಲ್ಲಿ ತೂತು ಬಿಡೋದಷ್ಟೇ ಅಲ್ಲ, ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ ಬರುತ್ತೆ. ‘ಹಾಲು ಕುಡಿದ್ರೆ ಸರಿಹೋಗುತ್ತೆ’ ಅನ್ನೋ ನಂಬಿಕೆ ಶೆಡ್ಡುಗಳಲ್ಲಿ ಇನ್ನೂ ಇದೆ. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗಿರೋದು ಶ್ವಾಸಕೋಶಕ್ಕೆ!

ತೂತು ಬಿದ್ದ ಕಡೆ ಅದರ ಮೇಲೇ ಇನ್ನೊಂದು ಸಾಲು ಎಳೆದರೆ ಪ್ರಯೋಜನವಿಲ್ಲ, ಕೆಳಗಿನ ತೂತು ಮೇಲೆದ್ದು ಬರುತ್ತೆ. ಪೂರ್ತಿ ಗ್ರೈಂಡ್ ಮಾಡಿ ತೆಗೆದೇ ಮತ್ತೆ ಹಾಕಬೇಕು.

ಸಿಡಿತಕ್ಕೆ ಕಿವಿಯೇ ಸಾಕು. ಸೆಟ್ಟಿಂಗ್ ಸರಿ ಇದ್ದರೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಒಂದೇ ಸಮ ಚರ್ರ್ ಅನ್ನುತ್ತೆ. ಪಟ್ ಪಟ್ ಅಂತ ಸಿಡಿದು ತಂತಿ ಕೈಗೆ ಒದ್ದ ಹಾಗಾದರೆ, ತಂತಿಯ ವೇಗಕ್ಕೆ ವೋಲ್ಟೇಜ್ ಸಾಲದು ಅಂತ ಅರ್ಥ. ಬೆಸುಗೆಯ ಅಂಚಿನಲ್ಲಿ ಉಗುರಿನಿಂದ ಗೀರಿದಂಥ ಕಾಲುವೆ ಇದ್ದರೆ ಅದು ಅಂಡರ್‌ಕಟ್. ವೋಲ್ಟೇಜ್ ಇಳಿಸಿ, ಕೈ ನಿಧಾನ ಮಾಡಿದರೆ ಹೋಗುತ್ತೆ. ಸಾಲಿನ ಕೊನೆಯ ಗುಂಡಿಯಲ್ಲಿ ನಕ್ಷತ್ರದ ಥರ ಬಿರುಕು ಬಿಟ್ಟರೆ, ಗನ್ ಎತ್ತುವ ಮುಂಚೆ ಒಂದು ಕ್ಷಣ ನಿಂತು ಆ ಗುಂಡಿ ತುಂಬಲಿಲ್ಲ ಅಂತ.

ನನಗೆ ನಿದ್ದೆ ಕೆಡಿಸೋದು ಬೇರೆಯೇ. ರೇಲಿಂಗ್ ಕಂಬದ ಬುಡ ನೋಡಿ. ಪೈಪಿನ ಗೋಡೆ 2 ಮಿ.ಮೀ., ಅದು ನಿಂತಿರುವ ತಳದ ಪ್ಲೇಟು 8 ಮಿ.ಮೀ. ತೆಳು ಕಬ್ಬಿಣಕ್ಕೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಅಂತ ಒಂದು ಅಂದಾಜು ಲೆಕ್ಕ. ಅಂದರೆ ಪೈಪಿಗೆ 80 ಸಾಕು. ಆದರೆ 8 ಮಿ.ಮೀ. ಪ್ಲೇಟು ಆ ಶಾಖವನ್ನು ಹೀರಿಕೊಂಡು ತಣ್ಣಗೆ ಕೂತಿರುತ್ತೆ. ಶಾಖ ಜಾಸ್ತಿ ಮಾಡಿದರೆ ಪೈಪು ತೂತಾಗುತ್ತೆ, ತೂತಾದರೆ ನೀವು ಬೈತೀರಿ. ಹಾಗಾಗಿ ವೆಲ್ಡರ್ ಪೈಪಿಗೆ ತಕ್ಕ ಸೆಟ್ಟಿಂಗ್ ಇಡ್ತಾನೆ. ಬೆಸುಗೆ ಪೈಪನ್ನು ಹಿಡಿಯುತ್ತೆ, ಪ್ಲೇಟಿನ ಮೇಲೆ ಸುಮ್ಮನೆ ಕೂರುತ್ತೆ. ಗೋಡೆಗೆ ಬಡಿದ ಬೆರಣಿಯ ಹಾಗೆ. ಒಣಗಿದ ಬೆರಣಿಯನ್ನು ಕಿತ್ತರೆ ಇಡಿಯಾಗಿ ಬರುತ್ತಲ್ಲ!

ಇದರಲ್ಲಿ ವೆಲ್ಡರ್‌ನದಷ್ಟೇ ತಪ್ಪಿಲ್ಲ. ಕಾಣುವ ತೂತಿಗೆ ದುಡ್ಡು ಹಿಡಿಯುವ ನಾವು, ಕಾಣದ ದೋಷಕ್ಕೆ ‘ನೀಟಾಗಿದೆ’ ಅಂತ ಶಹಬ್ಬಾಸ್ ಕೊಡ್ತೀವಿ. ಮೇಲಿಂದ ನುಣ್ಣಗೆ ಗ್ರೈಂಡ್ ಮಾಡಿಸ್ತೀವಿ. ಮೂಲೆ ಬೆಸುಗೆಯ ಬಲ ಇರೋದೇ ಅದರ ದಪ್ಪದಲ್ಲಿ. ಅದನ್ನು ಉಜ್ಜಿ ಪುಟ್ಟಿ ತುಂಬಿದರೆ ಉಳಿಯೋದು ಬಣ್ಣ ಮಾತ್ರ.

ಸುಮ್ಮನೆ ಒಂದು ಲೆಕ್ಕ ಹಾಕಿ. ಕಂಬ ಒಂದು ಮೀಟರ್ ಎತ್ತರ, ಪೈಪು 50 ಮಿ.ಮೀ. ಅಗಲ. ಮೇಲ್ತುದಿಗೆ ಯಾರೋ ಒರಗಿ 20 ಕೆ.ಜಿ.ಯಷ್ಟು ತಳ್ಳಿದರೆ, ಬುಡದ ಒಂದು ಬದಿಯ ಬೆಸುಗೆಗೆ ಅದು ಸುಮಾರು 400 ಕೆ.ಜಿ. ಎಳೆತ. ಸನ್ನೆಕೋಲಿನ ಕೆಲಸ. ಗಣಪತಿ ಮೆರವಣಿಗೆ ನೋಡೋಕೆ ಮಕ್ಕಳೆಲ್ಲ ಬಾಲ್ಕನಿಗೆ ಓಡಿ ಒಟ್ಟಿಗೆ ಒರಗೋದು ಈ ಬುಡದ ಭರವಸೆಯ ಮೇಲೆಯೇ.

ಹಾಗಾದರೆ ಪರೀಕ್ಷೆ ಹೇಗೆ? ಹಿಡಿಯದ ಬೆಸುಗೆ ಕೆಲವೊಮ್ಮೆ ಹಗ್ಗ ಇಟ್ಟ ಹಾಗೆ ಉಬ್ಬಿ, ಅಂಚು ದುಂಡಗೆ ಮಡಚಿಕೊಂಡಿರುತ್ತೆ. ಹಿಡಿದದ್ದು ಪ್ಲೇಟಿನೊಳಗೆ ಹರಿದು ಬೆರೆತ ಹಾಗೆ ಕಾಣುತ್ತೆ. ಆದರೆ ಕಣ್ಣನ್ನೇ ಪೂರ್ತಿ ನಂಬಬೇಡಿ. ನಾವು ಶೆಡ್ಡಿನಲ್ಲಿ ಮಾಡೋದು ಒರಟು ಕೆಲಸ. ಅದೇ ಪ್ಲೇಟು, ಅದೇ ಪೈಪಿನ ವೇಸ್ಟ್ ತುಂಡು, ಅದೇ ಸೆಟ್ಟಿಂಗ್. ಒಂದೇ ಬದಿಗೆ ಬೆಸೆದು, ತಣ್ಣಗಾದ ಮೇಲೆ ಬೆಸುಗೆಯ ಬುಡ ಬಿರಿಯುವಂತೆ ಎದುರು ದಿಕ್ಕಿನಿಂದ ಸುತ್ತಿಗೆಯಲ್ಲಿ ಬಡಿದು ಮುರಿಯೋದು. ಬೆಸುಗೆ ಪ್ಲೇಟಿನಿಂದ ಸಿಪ್ಪೆಯ ಹಾಗೆ ಎದ್ದು, ಕೆಳಗೆ ನುಣುಪು ಮೈ ಹಾಗೇ ಕಂಡರೆ ಅದು ಹಿಡಿದೇ ಇರಲಿಲ್ಲ. ಪೈಪು ಬಗ್ಗಿ, ಕಿತ್ತ ಜಾಗ ಒರಟಾಗಿ ಹರಿದಿದ್ದರೆ ಹಿಡಿದಿದೆ.

ಆರ್ಡರ್ ಕೊಡುವಾಗಲೇ ಇಂಥ ಒಂದು ತುಂಡು ಮುರಿದು ತೋರಿಸಿ ಅಂತ ಕೇಳಿ. ಹತ್ತು ನಿಮಿಷದ ಕೆಲಸ, ಒಳ್ಳೆ ಮೇಸ್ತ್ರಿ ಬೇಜಾರು ಮಾಡ್ಕೊಳ್ಳಲ್ಲ. ‘ಪ್ರೈಮರ್ ಹೊಡೆಯೋ ಮುಂಚೆ ನಾನೊಂದು ಸಲ ಬಂದು ನೋಡ್ತೀನಿ, ಬುಡದ ಬೆಸುಗೆ ಗ್ರೈಂಡ್ ಮಾಡ್ಬೇಡಿ’ ಅಂತಲೂ ಹೇಳಿಡಿ.

ತುಂಡು ಸಿಪ್ಪೆಯ ಹಾಗೆ ಎದ್ದುಬಂದರೆ ಪರಿಹಾರ ಇದೆ. ಹಾಕಿದ ಬೆಸುಗೆಯ ಮೇಲೆ ಮತ್ತೊಂದು ಪದರ ಅಲ್ಲ, ಹಳೆಯದನ್ನು ಬುಡದವರೆಗೆ ಗ್ರೈಂಡ್ ಮಾಡಿ ತೆಗೀಬೇಕು. ಪ್ಲೇಟಿನ ಮೇಲಿನ ಕಪ್ಪು ನೀಲಿ ಪೊರೆಯನ್ನೂ ಉಜ್ಜಿ, ಕಬ್ಬಿಣದ ಬಿಳುಪು ಕಾಣಬೇಕು. ಪ್ಲೇಟನ್ನು ಸ್ವಲ್ಪ ಬಿಸಿ ಮಾಡಿಕೊಂಡರೆ ಇನ್ನೂ ಒಳ್ಳೇದು. ಮಿಗ್‌ನಲ್ಲಿ ಕರೆಂಟ್ ಹೆಚ್ಚಿಸೋದು ಅಂದರೆ ತಂತಿಯ ವೇಗ ಹೆಚ್ಚಿಸೋದು, ಅದಕ್ಕೆ ತಕ್ಕಂತೆ ವೋಲ್ಟೇಜ್ ಏರಿಸಬೇಕು. ಸೆಟ್ಟಿಂಗ್ ಪ್ಲೇಟಿನ ಕಡೆ ವಾಲಲಿ, ಕಿಡಿಯ ಹೆಚ್ಚು ಹೊತ್ತು ಪ್ಲೇಟಿನ ಮೇಲೆಯೇ ನಿಲ್ಲಲಿ, ಪೈಪಿನ ಅಂಚನ್ನು ಹಾಗೆ ಸವರಿ ವಾಪಸ್ ಬರಲಿ. ಕರಗಿದ ಲೋಹ ಕಿಡಿಗಿಂತ ಮುಂದೆ ಓಡಿದರೆ ಮತ್ತೆ ಅದೇ ಕಥೆ, ಆದ್ದರಿಂದ ಕಿಡಿ ಯಾವಾಗಲೂ ಅದರ ಮುಂದಿನ ಅಂಚಿನಲ್ಲಿರಬೇಕು. ಆಮೇಲೆ ಇನ್ನೊಂದು ತುಂಡು ಮುರಿದು ನೋಡಿ, ಹರಿದ ಜಾಗ ಒರಟಾಗಿದ್ದರೆ ಕಂಬಗಳ ಕೆಲಸ ಶುರು ಮಾಡಿಸಿ.