ತಲಾಕ್: ಮಕ್ಕಳಿಗೆ ಹೇಳುವವರು ಯಾರು?

ನಮ್ಮ ಸಮುದಾಯದಲ್ಲಿ ತಲಾಕ್‌ನ ಕುರಿತು ನಡೆದಷ್ಟು ಚರ್ಚೆ ಬೇರಾವ ವಿಷಯದ ಕುರಿತೂ ನಡೆದಿರಲಾರದು. 1985ರ ಶಾಬಾನು ತೀರ್ಪು, 1986ರ ಕಾಯಿದೆ, ಏಕಕಾಲದ ತ್ರಿವಳಿ ತಲಾಕನ್ನು ಅಸಿಂಧುಗೊಳಿಸಿದ 2017ರ ತೀರ್ಪು, ಅದನ್ನು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಗಿಸಿದ 2019ರ ಕಾಯಿದೆ- ಎಲ್ಲವೂ ಚರ್ಚೆಯಾದವು. ಪತಿಯ ಹಕ್ಕು, ಪತ್ನಿಯ ಹಕ್ಕು, ಸರಕಾರದ ಉದ್ದೇಶ ಎಲ್ಲವೂ ಪ್ರಸ್ತಾಪಕ್ಕೆ ಬಂದವು. ಆದರೆ ಮನೆಯ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಆಲಿಸುತ್ತಿದ್ದ ಮಗುವಿನೊಂದಿಗೆ ಮಾತನಾಡಿದವರೆಷ್ಟು ಮಂದಿ?

ಮೇಡ್ಲೇರಿಯಂತಹ ಊರಿನಲ್ಲಾಗಲಿ, ರಾಣೇಬೆನ್ನೂರು, ಬ್ಯಾಡಗಿಯ ಮೊಹಲ್ಲಾಗಳಲ್ಲಾಗಲಿ ತಲಾಕ್ ಗುಟ್ಟಾಗಿ ಉಳಿಯುವಂಥದ್ದಲ್ಲ. ‘ಅಬ್ಬಾ ದುಡಿಯಲು ದೂರ ಹೋಗಿದ್ದಾರೆ’ ಎಂದು ಮನೆಯವರು ಹೇಳಿದ ಮರುದಿನವೇ ಶಾಲೆಯ ಅಂಗಳದಲ್ಲಿ ಸಹಪಾಠಿಯ ಬಾಯಿಂದ ಸತ್ಯ ಹೊರಬೀಳುತ್ತದೆ. ಅಂದು ಮಗು ಮನೆಯವರ ಮಾತಿನ ಮೇಲಿನ ನಂಬಿಕೆಯನ್ನೂ ಕಳಕೊಳ್ಳುತ್ತದೆ. ಯಾರೂ ಕಾರಣ ಹೇಳದಿದ್ದಾಗ ಅದು ತಾನೇ ಕಾರಣ ಹುಡುಕುತ್ತದೆ: ‘ನಾನು ಹಟ ಮಾಡಿದ್ದರಿಂದಲೇ ಅಬ್ಬಾ ಹೋದರೇ?’

‘ಮಕ್ಕಳಿಗೇನು ಅರ್ಥವಾಗುತ್ತದೆ?’ ಎಂಬುದು ಹಿರಿಯರ ಸಿದ್ಧ ಉತ್ತರ. ಇದನ್ನು ಧರ್ಮದ ಹೆಸರಲ್ಲಿ ಹೇಳುವವರು ಅಬೂದಾವೂದ್‌ನಲ್ಲಿರುವ ಹದೀಸನ್ನು ಮರೆತಿದ್ದಾರೆ. ಬೇರ್ಪಟ್ಟ ದಂಪತಿಗಳು ಮಗನಿಗಾಗಿ ವಾದಿಸುತ್ತಿದ್ದಾಗ ಪ್ರವಾದಿ(ಸ)ಯವರು ನೇರವಾಗಿ ಆ ಬಾಲಕನೊಂದಿಗೇ ಮಾತನಾಡಿದರು. ತಂದೆ ತಾಯಿ ಇಬ್ಬರನ್ನೂ ತೋರಿಸಿ, ಇಷ್ಟವಿದ್ದವರ ಕೈ ಹಿಡಿಯಲು ಹೇಳಿದರು. ಬಾಲಕ ತಾಯಿಯ ಕೈ ಹಿಡಿದನು. ಈ ಹದೀಸಿನಿಂದ ಪಾಲನೆಯ ಹಕ್ಕನ್ನು ನಿರ್ಣಯಿಸುವುದರಲ್ಲಿ ಮದ್ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಮಗುವನ್ನು ಮಾತನಾಡಿಸುವುದು ಅನುಚಿತವೆಂದು ಇದರಿಂದ ಯಾರು ತಾನೇ ವಾದಿಸಬಲ್ಲರು?

ಮಗುವಿನ ನಿಮಿತ್ತ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂಬುದು ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತದ ಆದೇಶ. ನಾವೋ, ಮಗುವನ್ನೇ ಆಯುಧವನ್ನಾಗಿಸಿದ್ದೇವೆ. ‘ನಿನ್ನ ಅಮ್ಮಿ ಸರಿಯಿಲ್ಲ’ ಎನ್ನುವ ಅಜ್ಜಿ, ‘ನಿನ್ನಪ್ಪ ಕಾಸು ಕೊಡದ ಕಟುಕ’ ಎನ್ನುವ ಮಾವ- ಇವರು ಮಾಡುವ ಗಾಯಕ್ಕೆ ಯಾವ ಇದ್ದತ್ ಇದೆ? ಮುಸ್ಲಿಮ್ ತಂದೆಯೂ ಮಕ್ಕಳ ಜೀವನಾಂಶಕ್ಕೆ ಬದ್ಧನೆಂದು 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದನ್ನು ವಸೂಲು ಮಾಡಲು ಹಿರಿಯರಿದ್ದಾರೆ, ನ್ಯಾಯಾಲಯವಿದೆ. ಮಗುವನ್ನು ದೂತನನ್ನಾಗಿ ಅಟ್ಟುವ ಅಗತ್ಯವಿಲ್ಲ.

ಹಾಗಾದರೆ ಹೇಳಬೇಕಾದದ್ದೇನು? ಸಾಧ್ಯವಿದ್ದರೆ ಇಬ್ಬರೂ ಜೊತೆಗೆ ಕುಳಿತು ಹೇಳಲಿ: ನಾವಿನ್ನು ಗಂಡ ಹೆಂಡತಿಯಲ್ಲ, ಆದರೆ ನಿನ್ನ ತಂದೆ ತಾಯಿ ಹೌದು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನೀನು ಇಂಥ ಮನೆಯಲ್ಲಿರುವೆ, ಇಂಥ ಶಾಲೆಗೆ ಹೋಗುವೆ, ಇಂಥ ದಿನ ಅಬ್ಬಾರನ್ನು ಕಾಣುವೆ. ದೊಡ್ಡವರ ಜಗಳದ ವಿವರ ಬೇಡ. ಮತ್ತೆ ಒಂದಾಗುವೆವೆಂಬ ಸುಳ್ಳು ಭರವಸೆಯೂ ಬೇಡ. ಮಗು ಅತ್ತರೆ ಅಳಲಿ. ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಉತ್ತರಿಸಲಿ.

ಜಮಾಅತ್‌ಗಳ ಹೊಣೆಯೂ ಇಲ್ಲಿದೆ. ತಲಾಕ್‌ನ ಮಾತುಕತೆಗೆ ಕೂರುವ ಹಿರಿಯರು ಮಹ್ರ್, ಒಡವೆ, ಪಾತ್ರೆಪಗಡಿಗಳ ಲೆಕ್ಕವನ್ನು ತಪ್ಪದೆ ಕೇಳುತ್ತಾರೆ. ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ‘ಮಕ್ಕಳಿಗೆ ಏನೆಂದು ಹೇಳಿದಿರಿ?’ ಇದಕ್ಕೆ ಉತ್ತರ ದೊರೆಯುವ ತನಕ ಆ ಸಭೆ ಬರ್ಖಾಸ್ತಾಗದಿರಲಿ.